ಹೀಲಿಯೋಸ್, ಟಾಕುಮಾರ್, ನಿಕ್ಕೋರ್: ಮೂರು ಹಳೆ ಲೆನ್ಸು, ಒಂದೇ ಕ್ಯಾಮೆರಾ

ಎಂಟು ತಿಂಗಳಿಂದ ಮೂರು ಹಳೆ ಲೆನ್ಸುಗಳನ್ನು ಒಂದೇ ಕ್ಯಾಮೆರಾಗೆ ಬದಲಿಸಿ ಬದಲಿಸಿ ಹಾಕಿಕೊಂಡು ತಿರುಗಾಡುತ್ತಿದ್ದೇನೆ. ಕ್ಯಾಮೆರಾ ಸೋನಿ ಎ7 ಮಾರ್ಕ್ 2, ಸೆಕೆಂಡ್ ಹ್ಯಾಂಡ್. ಲೆನ್ಸುಗಳು ಇವು: ಹೀಲಿಯೋಸ್ 44-2, ಅಂದರೆ 58 ಎಂಎಂ ಎಫ್ 2. ಸೂಪರ್ ಟಾಕುಮಾರ್ 55 ಎಂಎಂ ಎಫ್ 1.8. ನಿಕಾನ್ ಕಂಪನಿಯ ನಿಕ್ಕೋರ್ 50 ಎಂಎಂ ಎಫ್ 1.8 ಎಐ-ಎಸ್. ಮೂರರಲ್ಲೂ ಆಟೋಫೋಕಸ್ ಇಲ್ಲ, ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಅದನ್ನೂ ಕೈಯಿಂದಲೇ ತಿರುಗಿಸಬೇಕು. ಎಫ್ ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು, ಫೋಕಸ್‌ನಲ್ಲಿ ನಿಲ್ಲುವ ಜಾಗ ತೆಳ್ಳಗೆ.

ಯಾವುದು ಒಳ್ಳೇದು ಅಂತ ಕೇಳುವವರೆಲ್ಲ ಮೊದಲು ಕೇಳುವುದು ಶಾರ್ಪ್‌ನೆಸ್ ಬಗ್ಗೆ. ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಆದರೆ ಎಫ್ 5.6ಕ್ಕೆ ತಂದರೆ ಮೂರೂ ಶಾರ್ಪೇ, ಮನೆಯವರ ಮುಂದೆ ಫೋಟೋ ಇಟ್ಟರೆ ಯಾವುದು ಯಾವ ಲೆನ್ಸಿನದು ಅಂತ ಯಾರೂ ಹೇಳುವುದಿಲ್ಲ. ನಿಜವಾದ ವ್ಯತ್ಯಾಸ ಇರುವುದು ಫೋಕಸ್ ರಿಂಗಿನಲ್ಲಿ. ಅದು ಎಷ್ಟು ದೂರ ತಿರುಗುತ್ತದೆ, ಎಷ್ಟು ನಯವಾಗಿ ತಿರುಗುತ್ತದೆ, ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೋ ಇಲ್ಲವೋ, ಇಷ್ಟೇ.

ನಿಕ್ಕೋರ್ ನಮ್ಮ ಮನೆಯದು. ಹಾವೇರಿಯಲ್ಲಿ ನಮ್ಮ ಕಾಕಾ ಸ್ಟುಡಿಯೋ ಇಟ್ಟಿದ್ದರು, ಅವರ ನಿಕಾನ್ ಎಫ್‌ಎಂ2 ಫಿಲ್ಮ್ ಕ್ಯಾಮೆರಾ ಜೊತೆ ಇದ್ದದ್ದು ಇದು. ಹೀಲಿಯೋಸ್ ಹುಬ್ಬಳ್ಳಿಯಲ್ಲಿ ಒಂದು ಕೆಟ್ಟುಹೋದ ಝೆನಿಟ್ ಕ್ಯಾಮೆರಾದ ಜೊತೆ ಸಿಕ್ಕಿತು, ಎರಡೂ ಸೇರಿ 2,500 ರೂಪಾಯಿ. ಟಾಕುಮಾರ್‌ಗೆ 5,500 ಕೊಟ್ಟೆ.

ಇವು ಸೋನಿಗೆ ಹೇಗೆ ಕೂರುತ್ತವೆ ಅನ್ನುವುದನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಹೀಲಿಯೋಸ್, ಟಾಕುಮಾರ್ ಎರಡೂ ಎಂ42, ಅಂದರೆ ಸ್ಕ್ರೂ ಹಾಗೆ ತಿರುಗಿಸಿ ಕೂರಿಸುವ ಲೆನ್ಸುಗಳು, ಮೌಂಟಿನಿಂದ ಫಿಲ್ಮಿಗೆ 45.46 ಮಿ.ಮೀ. ದೂರ ಬೇಕು. ನಿಕಾನ್‌ಗೆ 46.5. ಸೋನಿಯಲ್ಲಿ ಕನ್ನಡಿ ಇಲ್ಲದ್ದರಿಂದ ಅದೇ ದೂರ 18 ಮಿ.ಮೀ. ಮಾತ್ರ. ಉಳಿದ ಜಾಗವನ್ನು ಅಡಾಪ್ಟರ್ ತುಂಬುತ್ತದೆ. ಅದರೊಳಗೆ ಗಾಜು ಗೀಜು ಏನೂ ಇಲ್ಲ, ಸುಮ್ನೆ ಒಂದು ಲೋಹದ ಬಳೆ. ಕ್ಯಾಮೆರಾ ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡು ಅನ್ನುವ ಆಯ್ಕೆ ಆನ್ ಮಾಡಬೇಕು. ಕೈ ನಡುಕ ಸರಿದೂಗಿಸುವ ಸ್ಟೆಡಿಶಾಟ್‌ಗೆ ಲೆನ್ಸು ಎಷ್ಟು ಎಂಎಂ ಅಂತ ನಾವೇ ಹೇಳಬೇಕು. ಲೆನ್ಸು ಬದಲಿಸಿದಾಗ ಇದನ್ನು ಬದಲಿಸಲು ನಾನು ಎಷ್ಟೋ ಸಲ ಮರೆತಿದ್ದೇನೆ. 50, 55, 58ರ ನಡುವೆ ದೊಡ್ಡ ತೊಂದರೆ ಆಗಲಿಲ್ಲ.

ಮೊದಲ ಪರೀಕ್ಷೆ ಬೆಟಗೇರಿಯಲ್ಲಿ, ಪರಿಚಯದ ನೇಕಾರರೊಬ್ಬರ ಮನೆಯಲ್ಲಿ. ಕುಣಿ ಮಗ್ಗ, ಒಂದೇ ಕಿಟಕಿ, ಬೆಳಕು ಕಮ್ಮಿ. ಐಎಸ್ಒ 3200, ಶಟರ್ 1/125, ಅಪರ್ಚರ್ ಪೂರ್ತಿ ತೆಗೆದದ್ದು. ಲಾಳಿ ಆ ಕಡೆಯಿಂದ ಈ ಕಡೆ ಹಾರುತ್ತಾ ಇರುತ್ತದೆ, ಅದರ ಹಿಂದೆ ಫೋಕಸ್ ಓಡಿಸುವುದು ಆಗದ ಮಾತು. ನೇಯ್ದ ಬಟ್ಟೆಯ ಅಂಚಿಗೆ ಫೋಕಸ್ ಇಟ್ಟು, ಅವರ ಕೈ ಅಲ್ಲಿಗೆ ಬರುವ ತನಕ ಕಾಯಬೇಕು. ಹೀಲಿಯೋಸ್‌ನ ರಿಂಗ್ ತುಂಬಾ ಉದ್ದ ತಿರುಗುತ್ತದೆ. ಮುಖದಿಂದ ಕೈಗೆ, ಕೈಯಿಂದ ಮುಖಕ್ಕೆ ಹೋಗುವಷ್ಟರಲ್ಲಿ ಬೆರಳು ಎರಡು ಸಲ ಹಿಡಿತ ಬದಲಿಸಬೇಕಾಗುತ್ತಿತ್ತು. ಮಗ್ಗದಲ್ಲಿ ಕೂತ ಹಿರಿಯರು ನೋಡಿ ನೋಡಿ, "ಲಗೂ ತಗಿಯಪಾ ತಮ್ಮಾ, ನಾ ಎಷ್ಟೊತ್ತು ಹಿಂಗ ಕುಂದ್ರಲಿ" ಅಂದರು. ನಿಕ್ಕೋರ್ ಹಾಕಿದ ಮೇಲೆ ಕೆಲಸ ಬೇಗ ಆಯಿತು. ಅದರ ತಿರುವು ಸಣ್ಣದು, ಒಂದೇ ಬೆರಳಲ್ಲಿ ಮುಗಿಯುತ್ತದೆ. ಆದರೆ ಹತ್ತಿರದಲ್ಲಿ, ಎಫ್ 1.8ರಲ್ಲಿ, ಅದೇ ಸಣ್ಣ ತಿರುವು ಕಾಡುತ್ತದೆ. ಕೂದಲೆಳೆಯಷ್ಟು ಸರಿಸಿದರೂ ಫೋಕಸ್ ನೂಲನ್ನು ದಾಟಿ ಮುಂದೆ ಹೋಗಿಬಿಡುತ್ತದೆ. ಟಾಕುಮಾರ್ ಇವೆರಡರ ಮಧ್ಯೆ ನಿಂತಿತು. ಆ ದಿನ ತೆಗೆದ ನಲವತ್ತು ಚಿಲ್ಲರೆ ಫೋಟೋಗಳಲ್ಲಿ ನಾನು ಇಟ್ಟುಕೊಂಡದ್ದು ಒಂಬತ್ತು, ಅದರಲ್ಲಿ ಆರು ಟಾಕುಮಾರ್‌ದು.

ಇಲ್ಲೇ ಒಂದು ಮಾತು. ಫೋಕಸ್ ಎಲ್ಲಿದೆ ಅಂತ ಕ್ಯಾಮೆರಾ ಪರದೆಯಲ್ಲಿ ತೋರಿಸುವ ಫೋಕಸ್ ಪೀಕಿಂಗನ್ನು ಪೂರ್ತಿ ನಂಬಬೇಡಿ. ಅದು ಕಾಂಟ್ರಾಸ್ಟ್ ಇರುವ ಅಂಚುಗಳಿಗೆ ಬಣ್ಣ ಹಚ್ಚುತ್ತದೆ, ಅಷ್ಟೇ. ಎಫ್ 1.8ರಲ್ಲಿ ಕಣ್ಣು, ಹುಬ್ಬು, ಕಿವಿ ಎಲ್ಲಕ್ಕೂ ಬಣ್ಣ ಬರುತ್ತದೆ, ಆದರೆ ಫೋಟೋದಲ್ಲಿ ಹುಬ್ಬು ಮಾತ್ರ ಸರಿ ಇರುತ್ತದೆ. ಒಂದು ಬಟನ್‌ಗೆ ಮ್ಯಾಗ್ನಿಫೈ ಕೊಟ್ಟುಕೊಂಡು ಹಿಗ್ಗಿಸಿ ನೋಡುವುದೇ ಖಾತ್ರಿ.

ಪೀಕಿಂಗ್ ಪೂರ್ತಿ ಕೈಕೊಟ್ಟದ್ದು ಬ್ಯಾಡಗಿಯಲ್ಲಿ. ಸೀಸನ್‌ನಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಅಂಗಳಕ್ಕೆ ಹೋದವರಿಗೆ ಗೊತ್ತು, ಕಣ್ಣು ಹಾಯಿಸಿದಲ್ಲೆಲ್ಲ ಕೆಂಪು. ನಾನು ಪೀಕಿಂಗ್ ಬಣ್ಣವನ್ನೂ ಕೆಂಪಿಗೇ ಇಟ್ಟಿದ್ದೆ. ಮೆಣಸಿನಕಾಯಿ ಯಾವುದು, ಗುರುತು ಯಾವುದು ಒಂದೂ ತಿಳಿಯಲಿಲ್ಲ, ಬಿಳಿಗೆ ಬದಲಿಸಿದ ಮೇಲೆ ಸರಿಯಾಯಿತು. ಬ್ಯಾಡಗಿ ಕಾಯಿ ಲೆನ್ಸು ಪರೀಕ್ಷೆಗೆ ಹೇಳಿಮಾಡಿಸಿದ ಹಾಗಿದೆ. ಅದರ ಮೈತುಂಬ ಸುಕ್ಕು, ಒಂದೊಂದು ಸುಕ್ಕಿನ ಏಣಿನ ಮೇಲೂ ಸಣ್ಣ ಹೊಳಪು. ಡಬ್ಬಿ ತಳಿಯ ಒಂದು ಕಾಯಿಯನ್ನು ಗೋಣಿಚೀಲದ ಮೇಲಿಟ್ಟು ಮೂರೂ ಲೆನ್ಸಿನಲ್ಲಿ ಅರ್ಧ ಮೀಟರ್ ಆಸುಪಾಸಿನಿಂದ ತೆಗೆಯಲು ನೋಡಿದೆ. ಪೂರ್ತಿ ತೆರೆದಾಗ ಟಾಕುಮಾರ್‌ನಲ್ಲಿ ಸುಕ್ಕಿನ ಏಣು ಕಡಿದಿಟ್ಟ ಹಾಗೆ ಬಂತು. ಹೀಲಿಯೋಸ್‌ನಲ್ಲಿ ಅದೇ ಏಣಿನ ಸುತ್ತ ತೆಳ್ಳಗೆ ಮಂಜು ಕವಿದಂತೆ. ನಿಕ್ಕೋರ್ ಅಷ್ಟು ಹತ್ತಿರ ಬರಲೇ ಇಲ್ಲ. ನನ್ನದು 60 ಸೆಂ.ಮೀ.ಗಿಂತ ಹತ್ತಿರಕ್ಕೆ ಫೋಕಸ್ ಆಗದ ಮಾದರಿ. ಟಾಕುಮಾರ್ 45 ಸೆಂ.ಮೀ., ಹೀಲಿಯೋಸ್ 50. ಸಣ್ಣ ವಸ್ತು ತೆಗೆಯುವವರಿಗೆ ಈ ಹತ್ತು ಹದಿನೈದು ಸೆಂಟಿಮೀಟರ್ ಬಹಳ ದೊಡ್ಡದು.

ಬಣ್ಣದಲ್ಲಿ ಮಾತ್ರ ಟಾಕುಮಾರ್ ಸೋತಿತು, ಅದೂ ಮೊದಮೊದಲು. ಕೆಂಪು ಹೋಗಿ ಇಟ್ಟಂಗಿ ಬಣ್ಣ ಬರುತ್ತಿತ್ತು. ಆ ಕಾಲದ ಕೆಲವು ಟಾಕುಮಾರ್‌ಗಳ ಗಾಜಿಗೆ ಥೋರಿಯಂ ಬೆರೆಸಿರುತ್ತಿದ್ದರು, ವರ್ಷ ಕಳೆದಂತೆ ಅದು ಹಳದಿಗೆ ತಿರುಗುತ್ತದೆ. ಬಿಳಿ ಹಾಳೆಯ ಮೇಲಿಟ್ಟು ನೋಡಿದರೆ ನನ್ನದು ತೆಳು ಚಹಾದಂತೆ ಕಾಣುತ್ತಿತ್ತು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಕ್ಕೆ ಈ ಹಳದಿ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಮೂರು ವಾರ ಮಾಳಿಗೆ ಮೇಲೆ ಇಟ್ಟೆ. ಮೈಗೆ ಅಲ್ಯೂಮಿನಿಯಂ ಹಾಳೆ ಸುತ್ತಿದ್ದೆ, ಹಿಂಭಾಗವನ್ನೂ ಅದರಿಂದಲೇ ಮುಚ್ಚಿದ್ದೆ. ಇಲ್ಲದಿದ್ದರೆ ಲೆನ್ಸು ಬಿಸಿಲನ್ನು ಒಂದೆಡೆ ಕೂಡಿಸಿ ಕೆಳಗಿದ್ದದ್ದನ್ನು ಸುಟ್ಟುಬಿಡುತ್ತದೆ. ಈಗ ಹಾಳೆಯ ಬಿಳುಪು ಬಿಳುಪಾಗಿಯೇ ಕಾಣುತ್ತದೆ.

ಲಕ್ಕುಂಡಿಯಲ್ಲಿ ಆದದ್ದನ್ನು ಹೇಳಲೇಬೇಕು, ಯಾಕೆಂದರೆ ಎಂ42 ತಗೊಳ್ಳುವ ಎಲ್ಲರಿಗೂ ಆಗಬಹುದು. ಟಾಕುಮಾರ್ ಮೈಮೇಲೆ ಎ ಮತ್ತು ಎಂ ಅಂತ ಒಂದು ಸಣ್ಣ ಸ್ವಿಚ್ ಇದೆ. ಎ ಕಡೆ ಇದ್ದರೆ, ಹಿಂದಿನ ಪಿನ್ನನ್ನು ಕ್ಯಾಮೆರಾ ಒತ್ತಿದಾಗ ಮಾತ್ರ ಅಪರ್ಚರ್ ಮುಚ್ಚುತ್ತದೆ. ನನ್ನ ಅಡಾಪ್ಟರ್ ಪಿನ್ ಒತ್ತುವುದಿಲ್ಲ. ಕಾಶಿವಿಶ್ವನಾಥ ಗುಡಿಯ ಬಾಗಿಲುವಾಡ, ತಿರುಗಣಿಗೆ ಹಿಡಿದು ಕಡೆದ ಕಂಬ, ಆಮೇಲೆ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಎಲ್ಲವನ್ನೂ ರಿಂಗ್ ಎಫ್ 8ಕ್ಕೆ ಇಟ್ಟು ತೆಗೆದೆ. ಮನೆಗೆ ಬಂದು ನೋಡಿದರೆ ಕಂಬದ ಮುಂದಿನ ಉಂಗುರ ಶಾರ್ಪ್, ಹಿಂದಿನದು ಬ್ಲರ್. ಇಡೀ ಬೆಳಗ್ಗೆ ಎಫ್ 1.8ರಲ್ಲೇ ತೆಗೆದಿದ್ದೆ. ಎಕ್ಸ್‌ಪೋಷರ್ ಸರಿಯಾಗಿಯೇ ಇತ್ತು, ಒಳಗೆ ಬರುವ ಬೆಳಕನ್ನು ಅಳೆದು ಕ್ಯಾಮೆರಾ ಶಟರ್ ಹೊಂದಿಸಿಕೊಂಡಿತ್ತು. ಹಾಗಾಗಿಯೇ ಗೊತ್ತಾಗಲಿಲ್ಲ. ಗುಡಿ ಒಳಗಿನ ಕತ್ತಲಲ್ಲೂ ಶಟರ್ ಅಷ್ಟು ಜೋರಾಗಿ ಓಡುತ್ತಿದೆ ಅಂದಾಗಲೇ ಅನುಮಾನ ಬರಬೇಕಿತ್ತು. ಹೀಲಿಯೋಸ್ 44-2ಗೆ ಈ ಕಾಟವಿಲ್ಲ. ಅದರ ಅಪರ್ಚರ್ ಎರಡು ರಿಂಗಿನದು, ಪಿನ್ ಇಲ್ಲ. ನಾವು ತಿರುಗಿಸಿದಷ್ಟೇ ಮುಚ್ಚುತ್ತದೆ.

ಹಾಗಾದರೆ ಹೀಲಿಯೋಸ್ ಯಾಕೆ ಬೇಕು? ಉಣಕಲ್ ಕೆರೆ ದಂಡೆಗೆ ಸಂಜೆ ಹೋಗಿ ನೋಡಿ. ಯಾರನ್ನಾದರೂ ಎರಡು ಮೀಟರ್ ದೂರ ನಿಲ್ಲಿಸಿ, ಅವರ ಹಿಂದೆ ನಾಲ್ಕೈದು ಮೀಟರ್‌ನಲ್ಲಿ ಎಲೆ ತುಂಬಿದ ಮರ ಇರಲಿ, ಎಲೆಗಳ ಸಂದಿಯಿಂದ ಬೆಳಕು ಚುಕ್ಕೆಚುಕ್ಕೆಯಾಗಿ ಬರುತ್ತಿರಲಿ. ಎಫ್ 2ರಲ್ಲಿ ಆ ಚುಕ್ಕೆಗಳೆಲ್ಲ ಮುಖದ ಸುತ್ತ ಸುಳಿಯಂತೆ ತಿರುಗುತ್ತವೆ. ಯುದ್ಧಕ್ಕೂ ಮುಂಚಿನ ಜರ್ಮನಿಯ ಬಯೋಟಾರ್ ಲೆನ್ಸಿನ ವಿನ್ಯಾಸವನ್ನೇ ಸೋವಿಯತ್ ಕಾರ್ಖಾನೆಗಳು ಹೀಲಿಯೋಸ್ ಆಗಿ ಮಾಡಿದ್ದು, ಈ ಸುಳಿಯೂ ಅಲ್ಲಿಂದಲೇ ಬಂದದ್ದು. ನನ್ನ ತಂಗಿಯ ಒಂದು ಫೋಟೋ ಹೀಗೆ ಬಂದಿದೆ, ಉಳಿದೆರಡು ಲೆನ್ಸಿನಲ್ಲಿ ಅದು ಬರುತ್ತಲೇ ಇರಲಿಲ್ಲ. ಆದರೆ ಎಪಿಎಸ್-ಸಿ ಕ್ಯಾಮೆರಾ ಇದ್ದವರು ಇದಕ್ಕಾಗಿಯೇ ಹೀಲಿಯೋಸ್ ಕೊಳ್ಳಬೇಡಿ. ಸುಳಿ ಇರುವುದು ಅಂಚುಗಳಲ್ಲಿ, ಸಣ್ಣ ಸೆನ್ಸರ್ ಅದನ್ನೇ ಕತ್ತರಿಸಿಬಿಡುತ್ತದೆ. ಸೂರ್ಯ ಎದುರಿಗಿದ್ದರೆ ಚಿತ್ರವೆಲ್ಲ ಬೆಳ್ಳಗೆ ತೊಳೆದಂತಾಗುತ್ತದೆ, ಅದು ಎಲ್ಲರಿಗೂ ಹಿಡಿಸುವುದಿಲ್ಲ.

ಕಾಕಾಗೆ ಒಂದು ಭಾನುವಾರ ಟಾಕುಮಾರ್ ಹಾಕಿದ ಕ್ಯಾಮೆರಾ ಕೊಟ್ಟೆ. ಜೀವಮಾನವೆಲ್ಲ ನಿಕ್ಕೋರ್ ಹಿಡಿದವರು. ಫೋಟೋ ತೆಗೆಯಲಿಲ್ಲ, ಸುಮ್ಮನೆ ರಿಂಗನ್ನು ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ತಿರುಗಿಸಿದರು. "ಬೆಣ್ಯಾಗ ಬೆರಳ ಇಟ್ಟಂಗ ಐತಲ್ಲೋ" ಅಂದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಒಂದೇ ಲೆನ್ಸು ಇಟ್ಟುಕೋ ಅಂದರೆ ನಾನು ಟಾಕುಮಾರ್ ಇಟ್ಟುಕೊಳ್ಳುತ್ತೇನೆ.

ಆದರೆ ನಿಮ್ಮ ಹತ್ತಿರ ನಿಕಾನ್ ಡಿಎಸ್ಎಲ್ಆರ್ ಇದ್ದರೆ ಲೆಕ್ಕವೇ ಬೇರೆ, ಕಣ್ಣುಮುಚ್ಚಿ ನಿಕ್ಕೋರ್ ತಗೊಳ್ಳಿ. ಅಡಾಪ್ಟರ್ ಇಲ್ಲದೆ ನೇರ ಕೂರುತ್ತದೆ. ಡಿ7000ದಲ್ಲಿ, ಡಿ750ಯಲ್ಲಿ ಬೆಳಕು ಅಳೆಯುವ ಮೀಟರ್ ಕೂಡ ಕೆಲಸ ಮಾಡುತ್ತದೆ. ಡಿ3000, ಡಿ5000 ಸಾಲಿನವುಗಳಲ್ಲಿ ಈ ಲೆನ್ಸಿಗೆ ಮೀಟರ್ ಕೆಲಸ ಮಾಡದು, ಎಂ ಮೋಡ್‌ನಲ್ಲಿ ಅಂದಾಜಿನ ಮೇಲೆ ತೆಗೆಯಬೇಕು. 1977ಕ್ಕಿಂತ ಹಿಂದಿನ, ಎಐ (ಅಪರ್ಚರ್ ಎಷ್ಟಿದೆ ಅಂತ ಬಾಡಿಗೆ ತಿಳಿಸುವ ವ್ಯವಸ್ಥೆ) ಅಲ್ಲದ ನಿಕ್ಕೋರನ್ನು ಮಾತ್ರ ಇಂಥ ಲೆನ್ಸಿಗೆ ಮೀಟರ್ ಕೆಲಸ ಮಾಡುವ ಬಾಡಿಗೆ ಬಲವಂತವಾಗಿ ಹಾಕಬೇಡಿ, ಬಾಡಿಯ ಸಣ್ಣ ಕೊಕ್ಕೆ ಮುರಿದೀತು. ಎಂ42 ಲೆನ್ಸುಗಳು ನಿಕಾನ್ ಡಿಎಸ್ಎಲ್ಆರ್‌ನಲ್ಲಿ ದೂರದ್ದಕ್ಕೆ ಫೋಕಸ್ ಆಗುವುದೇ ಇಲ್ಲ.

ಕೊಳ್ಳುವಾಗ ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಬಿಟ್ಟುಬಿಡಿ. ಧಾರವಾಡದ ಮಳೆಗಾಲದಲ್ಲಿ ಅದು ಇನ್ನೂ ಹಬ್ಬುತ್ತದೆ. ನಾನು ಮೂರನ್ನೂ ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟಿದ್ದೇನೆ. ಧೂಳು ನಾಲ್ಕು ಕಣ ಇದ್ದರೆ ಚಿಂತೆ ಇಲ್ಲ. ರಿಂಗನ್ನು ಎರಡೂ ತುದಿಗೆ ತಿರುಗಿಸಿ, ನಡುವೆ ಎಲ್ಲಾದರೂ ಬಿಗಿಯಾದರೆ ಒಳಗಿನ ಗ್ರೀಸ್ ಒಣಗಿದೆ ಅಂತ ಅರ್ಥ, ಬೆಲೆ ಇಳಿಸಿ ಕೇಳಿ. ಮತ್ತೆ, ಅಗ್ಗದ ಅಡಾಪ್ಟರ್‌ಗಳು ಬೇಕೆಂದೇ ಒಂಚೂರು ಗಿಡ್ಡ ಇರುತ್ತವೆ. ಹಾಗಾಗಿ ಲೆನ್ಸಿನ ಮೇಲಿನ ಇನ್ಫಿನಿಟಿ ಗುರುತಿಗೆ ತಂದು ನಿಲ್ಲಿಸಿದರೆ ದೂರದ್ದು ಬ್ಲರ್ ಬರುತ್ತದೆ. ಕೆರೆಯ ಆಚೆ ದಂಡೆಯ ದೀಪಕ್ಕೆ ಹಿಗ್ಗಿಸಿ ಫೋಕಸ್ ಮಾಡಿ, ರಿಂಗ್ ಎಲ್ಲಿ ನಿಂತಿತೋ ಅಲ್ಲಿ ಪೆನ್ನಿನಿಂದ ಒಂದು ಚುಕ್ಕೆ ಇಟ್ಟುಕೊಳ್ಳಿ.