ಕೋಲಾರದ ‘ಬೋನ್ ಪ್ರೊಫೈಲ್’: ಕ್ಯಾಲ್ಸಿಯಂ ಇದೆ, ಪಿಟಿಎಚ್ ಇಲ್ಲ

ಕೋಲಾರದ ಖಾಸಗಿ ಲ್ಯಾಬೊಂದರ ಈ ಪ್ಯಾಕೇಜಿನಲ್ಲಿ ಕ್ಯಾಲ್ಸಿಯಂ, ಅಲ್ಬುಮಿನ್ (ರಕ್ತದ ಒಂದು ಪ್ರೋಟೀನ್), ರಂಜಕ, ವಿಟಮಿನ್ ಡಿ ಸಿಗುತ್ತವೆ. ರಿಪೋರ್ಟು ಸಂಜೆಯೊಳಗೆ ಮೊಬೈಲಿಗೆ ಬರುತ್ತದೆ. ಆದರೆ ಕ್ಯಾಲ್ಸಿಯಂ ಏರಿದ್ದರೆ ಯಾಕೆ ಏರಿತು ಎಂಬುದಕ್ಕೆ ಆ ಹಾಳೆಯಲ್ಲಿ ಉತ್ತರವಿಲ್ಲ.

ಥೈರಾಯ್ಡ್ ಬೆನ್ನಿಗಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಕೋಶಗಳ ಮೇಲೆ ಕ್ಯಾಲ್ಸಿಯಂ ಮಟ್ಟ ಗುರುತಿಸುವ ಗ್ರಾಹಕವಿದೆ (ರಿಸೆಪ್ಟರ್). 1993ರಲ್ಲಿ ಇದರ ಜೀನ್ ಮೊದಲು ಪತ್ತೆಯಾದದ್ದು ಹಸುವಿನ ಗ್ರಂಥಿಯಲ್ಲಿ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದರೆ ಈ ಗ್ರಾಹಕ, ಗ್ರಂಥಿ ಸ್ರವಿಸುವ ಮತ್ತು ಕ್ಯಾಲ್ಸಿಯಂ ಏರಿಸುವ ಪಿಟಿಎಚ್ ಹಾರ್ಮೋನನ್ನು ತಡೆಯಬೇಕು. ಕ್ಯಾಲ್ಸಿಯಂ ಏರಿಯೂ ಪಿಟಿಎಚ್ ಇಳಿಯದಿದ್ದರೆ ಅನುಮಾನ ಗ್ರಂಥಿಯ ಮೇಲೆ. ಪಿಟಿಎಚ್ ಕುಸಿದಿದ್ದರೆ ಕಾರಣ ಬೇರೆಡೆ ಹುಡುಕಬೇಕು, ಆ ಪಟ್ಟಿಯಲ್ಲಿ ಕ್ಯಾನ್ಸರೂ ಇದೆ.

ಸ್ತನದ ಕೋಶಗಳಲ್ಲೂ ಇದೇ ಗ್ರಾಹಕವಿದೆ. ಆರೋಗ್ಯವಾಗಿರುವ ಕೋಶದಲ್ಲಿ ಅದು ಪಿಟಿಎಚ್ ಹೋಲುವ ಪಿಟಿಎಚ್‌ಆರ್‌ಪಿ ಎಂಬ ಪ್ರೋಟೀನನ್ನು ತಗ್ಗಿಸುತ್ತದೆ, ಕ್ಯಾನ್ಸರ್ ಕೋಶದಲ್ಲಿ ಅದನ್ನೇ ಹೆಚ್ಚಿಸುತ್ತದೆ. ಮೂಳೆಗೆ ಹರಡಿದ ಗೆಡ್ಡೆ ಈ ಪ್ರೋಟೀನಿನಿಂದ ಮೂಳೆ ಕರಗಿಸುತ್ತದೆ, ಕರಗಿದ ಕ್ಯಾಲ್ಸಿಯಂ ಗೆಡ್ಡೆಯನ್ನೇ ಮತ್ತೆ ಕೆಣಕುತ್ತದೆ. ದೊಡ್ಡಕರುಳಿನಲ್ಲಿ ಇದರ ತದ್ವಿರುದ್ಧ: ಅಲ್ಲಿ ಗ್ರಾಹಕವೇ ಕೋಶಗಳ ಬೆಳವಣಿಗೆಗೆ ಲಗಾಮು, ಕ್ಯಾನ್ಸರಿನಲ್ಲಿ ಅದು ಕಡಿಮೆಯಾಗುತ್ತದೆ. ಒಂದೇ ಗ್ರಾಹಕ ಅಂಗಕ್ಕೊಂದು ರೀತಿ ವರ್ತಿಸುವುದರಿಂದ ರಿಪೋರ್ಟ್ ನೋಡಿ ಗಾಬರಿಯಿಂದ ಕ್ಯಾಲ್ಸಿಯಂ ಹೆಚ್ಚಿರುವ ರಾಗಿಮುದ್ದೆ ಬಿಡುವುದರಲ್ಲಿ ಅರ್ಥವಿಲ್ಲ.

ರಕ್ತ ತೆಗೆಯುವ ಕೆಲಸಕ್ಕೆ ಅರ್ಧ ಅಂಕ. ಕ್ಯಾಲ್ಸಿಯಂ ಟ್ಯೂಬು ಮೊದಲು, ನೇರಳೆ ಮುಚ್ಚಳದ್ದು ಆಮೇಲೆ ತುಂಬಿದ್ದು ಸರಿ. ರಕ್ತ ಹೆಪ್ಪುಗಟ್ಟದಂತೆ ನೇರಳೆ ಟ್ಯೂಬಿನಲ್ಲಿ ಹಾಕಿರುವ ಇಡಿಟಿಎ ರಾಸಾಯನಿಕ ಬೆರೆತರೆ ಕ್ಯಾಲ್ಸಿಯಂ ಸುಳ್ಳಾಗಿ ಇಳಿದು ಪೊಟ್ಯಾಸಿಯಂ ಏರುತ್ತದೆ. ಆದರೆ ರಕ್ತನಾಳ ಸಿಗದಾಗ ತೋಳಿನ ರಬ್ಬರ್ ಪಟ್ಟಿ ಬಿಚ್ಚದೆ ಹುಡುಕುತ್ತಲೇ ಇರುತ್ತಾರೆ. ಒಂದು ನಿಮಿಷ ದಾಟಿದರೆ ಕ್ಯಾಲ್ಸಿಯಂ ಇರುವುದಕ್ಕಿಂತ ಹೆಚ್ಚು ಕಾಣಬಹುದು. ಬಿಚ್ಚಿಸಿ, ಇನ್ನೊಂದು ತೋಳು ಕೊಡಿ.

ದೊಡ್ಡ ಕೊರತೆ ಲೆಕ್ಕದ್ದು. ರಕ್ತದ ಕ್ಯಾಲ್ಸಿಯಂನ ಒಂದು ಭಾಗ ಅಲ್ಬುಮಿನ್‌ಗೆ ಅಂಟಿರುತ್ತದೆ, ಅಲ್ಬುಮಿನ್ ತಗ್ಗಿದರೆ ಕ್ಯಾಲ್ಸಿಯಂ ಅಂಕಿಯೂ ಕಡಿಮೆ ಕಾಣುತ್ತದೆ. ಅಲ್ಬುಮಿನ್ ಅಳೆದೂ ಅದಕ್ಕೆ ತಕ್ಕಂತೆ ತಿದ್ದಿದ ಕ್ಯಾಲ್ಸಿಯಂ ಮುದ್ರಿಸಿಲ್ಲ. ನೀವೇ ಮಾಡಿಕೊಳ್ಳಿ: 4ರಿಂದ ಅಲ್ಬುಮಿನ್ (ಗ್ರಾಂ/ಡೆ.ಲೀ.) ಕಳೆದು 0.8ರಿಂದ ಗುಣಿಸಿ, ಕ್ಯಾಲ್ಸಿಯಂಗೆ (ಮಿ.ಗ್ರಾಂ/ಡೆ.ಲೀ.) ಕೂಡಿಸಿ. ಕ್ಯಾಲ್ಸಿಯಂ 9.8, ಅಲ್ಬುಮಿನ್ 2.5 ಇದ್ದರೆ ತಿದ್ದಿದ ಅಂಕಿ 11.0. ಸಾಮಾನ್ಯ ಮಿತಿ ಸುಮಾರು 8.5ರಿಂದ 10.5. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದಿದ್ದದ್ದು ಹೀಗೆ ಮಿತಿ ದಾಟುತ್ತದೆ. ಕ್ಯಾನ್ಸರ್ ರೋಗಿಗಳಲ್ಲಿ ಅಲ್ಬುಮಿನ್ ತಗ್ಗಿರುವುದು ಅಪರೂಪವೇನಲ್ಲ. ಇನ್ನೂ ಖಚಿತ ಬೇಕಿದ್ದರೆ ಅಯಾನಿಕ್ (ಪ್ರೋಟೀನಿಗೆ ಅಂಟದ, ಮುಕ್ತ) ಕ್ಯಾಲ್ಸಿಯಂ ಪರೀಕ್ಷೆ ಕೇಳಿ.

ಪಿಟಿಎಚ್ ಬೇರೆಯಾಗಿ ಬರೆಸಿಕೊಂಡರೆ, ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆಯ ವಿಷಯ ತಿಳಿಸಿ. ಅರ್ಜಿಯಲ್ಲಿ ಆ ಪ್ರಶ್ನೆಯೇ ಇಲ್ಲ. ಕೆಲವು ಯಂತ್ರಗಳಲ್ಲಿ ಅದು ಪಿಟಿಎಚ್ ಅನ್ನು ಸುಳ್ಳಾಗಿ ಇಳಿಸಿ, ಗ್ರಂಥಿಯ ತೊಂದರೆಯನ್ನು ಕ್ಯಾನ್ಸರ್ ಎಂಬಂತೆ ತೋರಿಸೀತು. ಮೂರು ದಿನ ಮೊದಲೇ ನಿಲ್ಲಿಸುವುದು ಕ್ಷೇಮ.

ಕ್ಯಾಲ್ಸಿಯಂ 14 ದಾಟಿದ್ದರೆ, ಅಥವಾ ವಿಪರೀತ ಬಾಯಾರಿಕೆ, ಮಲಬದ್ಧತೆ, ಗೊಂದಲ ಇದ್ದರೆ ಇನ್ನೊಂದು ಲ್ಯಾಬಿಗೆ ಅಲೆಯದೆ ಅಂದೇ ಆಸ್ಪತ್ರೆಗೆ ಹೋಗಿ.