ಅಣಕು ಪುರಸಭೆಗೆ ಯಾವ ಕಾಯ್ದೆ: 1884ರದ್ದೋ, 1920ರದ್ದೋ?

ಮಂಗಳೂರಿನ ಕಾಲೇಜಿನಲ್ಲಿ ಬ್ರಿಟಿಷರ ಕಾಲದ ಅಣಕು ಪುರಸಭೆ ಮಾಡಿಸಬೇಕು ಅಂತಿದ್ದೀರಾ? ಯಾರಿಗೆ ಓಟು, ಯಾರು ನಿಲ್ಲಬಹುದು ಅನ್ನೋದನ್ನು ಮೊದಲು ತೀರ್ಮಾನಿಸಿ. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಹಾಗಾಗಿ ಎರಡೂ ಮದ್ರಾಸಿನ ಕಾಯ್ದೆಗಳೇ.

1884ರದ್ದು ವೈಸ್‌ರಾಯ್ ರಿಪ್ಪನ್ ಸ್ಥಳೀಯ ಆಡಳಿತವನ್ನು ಊರವರ ಕೈಗೆ ಕೊಡಬೇಕೆಂದು ಮಾಡಿದ 1882ರ ನಿರ್ಣಯದ ನಂತರ ಬಂದದ್ದು. ಓಟು ತೆರಿಗೆ ಕಟ್ಟುವವರ ಕೈಲಿತ್ತು, ಕೆಲವು ಸದಸ್ಯರನ್ನು ಸರ್ಕಾರವೇ ನೇಮಿಸುತ್ತಿತ್ತು. ಆಡಿಸೋದು ಸುಲಭ. ತೆರಿಗೆ ರಸೀದಿಯ ಚೀಟಿ ಕೆಲವರಿಗಷ್ಟೇ ಕೊಡಿ. ಚೀಟಿ ಇಲ್ಲದವರು ಹಿಂದಿನ ಬೆಂಚಿನಿಂದ ಗಲಾಟೆ ಶುರು ಮಾಡ್ತಾರೆ, ನಿಮಗೆ ಬೇಕಾದ್ದೂ ಅದೇ ಅಲ್ವಾ?

1920ರದ್ದರಲ್ಲೂ ಆಸ್ತಿ-ತೆರಿಗೆಯ ಗೋಡೆ ಹೋಗಿರಲಿಲ್ಲ. ಆದರೆ ಅಭ್ಯರ್ಥಿಯ ಅನರ್ಹತೆಯಲ್ಲಿ ರಸ ಜಾಸ್ತಿ. ಪುರಸಭೆಯ ಗುತ್ತಿಗೆಯಲ್ಲಿ ಪಾಲಿದ್ದವರು ನಿಲ್ಲುವಂತಿಲ್ಲ. ಹಂಪನಕಟ್ಟೆಯ ರಸ್ತೆಗೆ ಜಲ್ಲಿ ಹಾಕುವ ಗುತ್ತಿಗೆ ಅಣ್ಣನ ಹೆಸರಲ್ಲಿ, ದುಡ್ಡು ತಮ್ಮನದು. ತಮ್ಮ ನಿಲ್ಲಬಹುದಾ? ಇಷ್ಟು ಕೇಳಿ ಸುಮ್ನೆ ಕೂತುಬಿಡಿ.

ಹೆಂಗಸರ ವಿಷಯ ಬಂದರೆ ಒಂದು ಎಚ್ಚರ. 1921ರಲ್ಲಿ ಓಟು, 1926ರಲ್ಲಿ ಸ್ಪರ್ಧೆ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ನಿಂತು ಸ್ವಲ್ಪದರಲ್ಲೇ ಸೋತದ್ದು, ಇದೆಲ್ಲ ಮದ್ರಾಸ್ ಶಾಸನಸಭೆಯ ಕಥೆ. ಪುರಸಭೆಯ ಲೆಕ್ಕಕ್ಕೆ ಬೆರೆಸಬೇಡಿ.

ಒಂದೇ ಪೀರಿಯಡ್ ಇದ್ದರೆ 1884 ಸಾಕು. ಮಧ್ಯಾಹ್ನವಿಡೀ ಸಿಕ್ಕರೆ ನನ್ನ ಓಟು 1920ಕ್ಕೆ.