ಗುಂಡನ ಹೊಸ ಮನೆ: ಆರು ಖಾಲಿ ಶಂಖದ ಪ್ಯಾಕೆಟ್, ನಾಲ್ಕು ಸ್ಟಾರ್

ಈ ಶಂಖಗಳು ನನಗಲ್ಲ, ನಮ್ಮ ಮನೆಯ ಮೂರು ಸನ್ಯಾಸಿ ಏಡಿಗಳಿಗೆ (ಹರ್ಮಿಟ್ ಕ್ರ್ಯಾಬ್). ನಾಲ್ಕು ಸ್ಟಾರ್ ಅವುಗಳ ಲೆಕ್ಕ. ಕಳೆದುಹೋದ ಒಂದು ನನ್ನ ಲೆಕ್ಕ.

ಹೋದ ಜುಲೈನಲ್ಲಿ ನ್ಯೂಜೆರ್ಸಿಯ ಕಡಲ ತೀರಕ್ಕೆ ಹೋಗಿದ್ದೆವು. ಅಲ್ಲಿನ ಬೋರ್ಡ್‌ವಾಕ್, ಅಂದರೆ ದಂಡೆಯುದ್ದದ ಹಲಗೆ ಹಾದಿಯ ಅಂಗಡಿಗಳಲ್ಲಿ ಜೀವಂತ ಏಡಿ ಮಾರುತ್ತಾರೆ. ಮಗಳು ಹಟ ಹಿಡಿದಳು. ತಂತಿ ಪಂಜರ, ಒಂದು ಸ್ಪಂಜು, ಬಣ್ಣ ಬಳಿದ ಚಿಪ್ಪು ಹೊತ್ತ ಮೂರು ಏಡಿ ಮನೆಗೆ ಬಂದವು. ಒಂದರ ಚಿಪ್ಪಿನ ಮೇಲೆ ಅಮೆರಿಕನ್ ಫುಟ್‌ಬಾಲ್ ಹೆಲ್ಮೆಟ್ ಚಿತ್ರ! ಆಮೇಲೆ ಓದಿದರೆ ಪಂಜರವೇ ತಪ್ಪು. ಇವು ಕೆರಿಬಿಯನ್ ಕಡೆಯ ನೆಲದ ಏಡಿಗಳು. ನೆಲದ ಮೇಲಿದ್ದರೂ ಉಸಿರಾಡುವುದು ಕಿವಿರಿನಲ್ಲೇ, ಕಿವಿರು ಒಣಗಿದರೆ ಸತ್ತೇಹೋಗುತ್ತವೆ. ಗಾಜಿನ ತೊಟ್ಟಿ, ಮುಚ್ಚಳ, ಒದ್ದೆ ಮರಳು, ಉಪ್ಪುನೀರು, ಸಿಹಿನೀರು ಎಲ್ಲ ಹೊಂದಿಸಿದೆ. ಆ ಖರ್ಚು ಗಂಡನಿಗೆ ಇನ್ನೂ ಪೂರ್ತಿ ಹೇಳಿಲ್ಲ.

ಉಳಿದದ್ದು ಮನೆ. ಈ ಏಡಿಯ ಹಿಂದಿನ ಅರ್ಧ ಮೈ ಮೆತ್ತಗೆ, ಸುರುಳಿ ಸುತ್ತಿಕೊಂಡಿರುತ್ತದೆ. ಚಿಪ್ಪು ಕಟ್ಟಿಕೊಳ್ಳಲು ಅದಕ್ಕೆ ಬರುವುದಿಲ್ಲ. ಸತ್ತ ಬಸವನಹುಳು ಬಿಟ್ಟುಹೋದದ್ದೇ ಗತಿ. ಮೈ ಬೆಳೆದ ಹಾಗೆಲ್ಲ ದೊಡ್ಡದು ಹುಡುಕಬೇಕು. ನಮ್ಮ ದೊಡ್ಡ ಏಡಿ ಗುಂಡ ಅಂತೂ ಆ ಹೆಲ್ಮೆಟ್ ಚಿಪ್ಪಿನೊಳಗೆ ಪೂರ್ತಿ ಸೇರಲಾಗದೆ, ಕೊಂಡಿ ಹೊರಗೇ ಬಿಟ್ಟುಕೊಂಡು ಕೂತಿರುತ್ತಿದ್ದ. ಬಣ್ಣವೂ ಚಕ್ಕೆ ಎದ್ದಿತ್ತು.

ಅದಕ್ಕೇ ಆನ್‌ಲೈನ್‌ನಲ್ಲಿ ಈ ಪ್ಯಾಕೆಟ್ ತರಿಸಿದೆ. ಬಣ್ಣ ಹಾಕದ ಆರು ಟರ್ಬೊ (ಒಂದು ಬಗೆಯ ಕಡಲ ಬಸವನಹುಳು) ಶಂಖ, 18 ಡಾಲರ್. ಈ ಜಾತಿಯ ಏಡಿಗೆ ದುಂಡನೆ ಬಾಯಿಯ ಶಂಖವೇ ಇಷ್ಟ, ಟರ್ಬೊ ಬಾಯಿ ಹಾಗೇ ಇರುತ್ತದೆ. ಕುದಿಸಿ, ಆರಿಸಿ, ತೊಟ್ಟಿಯಲ್ಲಿಟ್ಟೆ.

ಎರಡು ದಿನ ಯಾರೂ ತಿರುಗಿ ನೋಡಲಿಲ್ಲ. ಮೂರನೇ ರಾತ್ರಿ ಹನ್ನೊಂದಕ್ಕೆ ನೀರು ಕುಡಿಯಲು ಎದ್ದರೆ, ಗುಂಡ ಒಂದು ಶಂಖವನ್ನು ಉರುಳಿಸಿ ಉರುಳಿಸಿ ನೋಡುತ್ತಿದ್ದ. ಕೊಂಡಿ ಒಳಗೆ ಹಾಕಿ ತಡಕಿದ. ಮೀಸೆ ಆಡಿಸಿದ. ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ನಮ್ಮಮ್ಮ ನಲ್ಲಿ ತಿರುಗಿಸಿ ನೋಡುತ್ತಿದ್ದರಲ್ಲ, ಥೇಟ್ ಹಾಗೆ. ಆಮೇಲೆ ಸಟಕ್ಕನೆ ಹಳೆಯದರಿಂದ ಹೊರಬಂದು ಹೊಸದರೊಳಗೆ ಹಿಂಬದಿ ತೂರಿಸಿದ. ಕಣ್ಣು ಮಿಟುಕಿಸಿದ್ದರೆ ತಪ್ಪಿಹೋಗುತ್ತಿತ್ತು.

ಅಷ್ಟರಲ್ಲಿ ಎರಡನೇ ಏಡಿ ನಾಣಿ ಹಾಜರ್. ಹೊಸ ಶಂಖ ಇನ್ನೂ ಐದು ಬಿದ್ದಿದ್ದರೂ ಅವನಿಗೆ ಗುಂಡ ಬಿಟ್ಟ ಹೆಲ್ಮೆಟ್ಟೇ ಬೇಕು! ಹೋಗಿ ಹೊಕ್ಕೇಬಿಟ್ಟ. ಕಡಲ ದಂಡೆಯಲ್ಲಿ ಇದೇ ದೊಡ್ಡದಾಗಿ ನಡೆಯುತ್ತದಂತೆ. ಒಂದು ದೊಡ್ಡ ಖಾಲಿ ಚಿಪ್ಪು ಸಿಕ್ಕರೆ ಏಡಿಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲು ನಿಲ್ಲುತ್ತವೆ. ಮುಂದಿನದು ಮನೆ ಬದಲಿಸಿದ ಕೂಡಲೇ ಹಿಂದಿನವೂ ಒಂದಾದ ಮೇಲೊಂದು ಬದಲಿಸುತ್ತವೆ. ನಮ್ಮ ತೊಟ್ಟಿಯಲ್ಲಿ ಸಾಲು ಎರಡಕ್ಕೇ ಮುಗಿಯಿತು. ಮೂರನೆಯವಳು ಪುಟ್ಟಿ ಕದಲಲಿಲ್ಲ.

ಈಗ ದೂರು. ಪ್ಯಾಕೆಟ್ ಮೇಲೆ ಸುಮ್ನೆ 'ಮೀಡಿಯಂ' ಅಂತಿದೆ. ಶಂಖ ಎಷ್ಟು ಉದ್ದ ಅನ್ನುವುದು ಏಡಿಗೆ ಬೇಡ, ಬಾಯಿ ಎಷ್ಟು ಅಗಲ ಅನ್ನುವುದು ಮುಖ್ಯ. ಸ್ಕೇಲ್ ಇಟ್ಟು ನೋಡಿದೆ. ಎರಡರ ಬಾಯಿ ಒಂದು ಇಂಚು, ಮೂರರದ್ದು ಅದಕ್ಕಿಂತ ತುಸು ಕಡಿಮೆ. ಇನ್ನೊಂದಕ್ಕೆ ಬೆನ್ನಲ್ಲಿ ತೂತು. ಪುಟ್ಟಿಯ ಅಳತೆಯದು ಒಂದೂ ಇಲ್ಲ. ಅದರ ಫಲ ಮುಂದಿನ ವಾರ ಗೊತ್ತಾಯಿತು. ಹೆಲ್ಮೆಟ್ ನಾಣಿಗೆ ದೊಡ್ಡದಾಯಿತೋ ಏನೋ, ಅವನು ಪುಟ್ಟಿಯ ಮೇಲೆ ಹತ್ತಿ ಅವಳ ಚಿಪ್ಪನ್ನು ಅಲುಗಾಡಿಸಿ ಎಳೆಯತೊಡಗಿದ. ಸೋತವರು ಬರಿಮೈಯಲ್ಲಿ ಹೊರಬೀಳಬೇಕಾಗುತ್ತದೆ, ಹಾಗೆ ಉಳಿದರೆ ಬದುಕುವುದು ಕಷ್ಟ. ಮಗಳು "ಅಮ್ಮಾ, ಬಿಡಿಸು!" ಅಂತ ಕಿರುಚಿದಳು. ಇಬ್ಬರನ್ನೂ ಬೇರೆ ಮಾಡಿ, ನಾಣಿಯ ಹಳೇ ಚಿಪ್ಪನ್ನು ಅವನ ಮುಂದಿಟ್ಟೆ. ಬೆಳಗ್ಗೆ ಹೊತ್ತಿಗೆ ಅದರಲ್ಲಿದ್ದ.

ಶಂಖ ಯಾವ ಸಮುದ್ರದಿಂದ ತಂದದ್ದು ಅಂತಲೂ ಬರೆದಿಲ್ಲ. ಮಾರುವವರಿಗೆ ಕೇಳಿದೆ, ಉತ್ತರವಿಲ್ಲ.

ಆದರೂ ತಗೊಳ್ಳಿ. ಮೊದಲು ನಿಮ್ಮ ಏಡಿಯ ಈಗಿನ ಚಿಪ್ಪಿನ ಬಾಯಿ ಅಳೆಯಿರಿ. ಅಷ್ಟೇ ಅಗಲದ್ದು, ತುಸು ದೊಡ್ಡದು ಎರಡೂ ಇಡಿ, ಒಂದು ಏಡಿಗೆ ಮೂರ್ನಾಲ್ಕಾದರೂ ಇರಲಿ. ತೂತಿನ ಶಂಖ ನನ್ನ ಮೇಜಿನ ಮೇಲಿದೆ, ಪಿನ್ನು ಹಾಕಿಡುತ್ತೇನೆ. ಹೆಲ್ಮೆಟ್ ಕಸದ ಬುಟ್ಟಿಗೆ ಹೋಯಿತು.